ಕೋಡಿಯಿಲ್ಲದ ಕೆರೆ

ನಮ್ಮ ನಾಡಿನಲ್ಲಿ ಕೆರೆಯೆಂದರೆ ಏನೆಂಬುದನ್ನು ಯಾರಿಗೂ ವಿವರಿಸಿ ಹೇಳಬೇಕಾದುದಿಲ್ಲ. ಒಂದು ಏರಿ, ಒಂದು ತೂಬು, ಒಂದು ಕೋಡಿ. ಈ ಮೂರೂ ಕೂಡಿದರೆ ಕೆರೆಯಾಯಿತು. ತುಮಕೂರಿನ ಮಗ್ಗುಲಲ್ಲಿರುವ ಮರಳೂರಿನ ಕೆರೆಯನ್ನಾಗಲಿ, ಗುಬ್ಬಿಯ ಕೆರೆಯನ್ನಾಗಲಿ, ಜನಪದರ ಹಾಡಿನಿಂದ ನಾಡಿಗೆಲ್ಲ ಹೆಸರಾದ ಕುಣಿಗಲಿನ ದೊಡ್ಡಕೆರೆಯನ್ನಾಗಲಿ ನೋಡಿರಿ. ಗಾತ್ರದಲ್ಲಿ ಭೇದವಿದ್ದೀತು, ಈ ಮೂರು ಅಂಗಗಳಲ್ಲಿ ಭೇದವಿಲ್ಲ. ಏರಿ ನೀರನ್ನು ತಡೆಯುವುದು. ತೂಬು ಅದನ್ನು ಗದ್ದೆಗೆ ಬಿಡುವುದು. ಕೋಡಿಯ ಕೆಲಸವೇನು? ಹೆಚ್ಚಾದ ನೀರನ್ನು ಹೊರಕ್ಕೆ ಬಿಟ್ಟು ಏರಿ ಒಡೆಯದಂತೆ ಕಾಪಾಡುವುದು ಎಂದು ಯಾವ ಒಕ್ಕಲಿಗನಾದರೂ ಹೇಳುವನು. ಆ ಉತ್ತರ ಸರಿಯಾದುದೇ. ಆದರೆ ಕೋಡಿಯು ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸವುಂಟು. ಅದನ್ನು ನಾವು ಸಾಧಾರಣವಾಗಿ ಗಮನಿಸುವುದಿಲ್ಲ. ಅದು ಕೆರೆಯ ಉಪ್ಪನ್ನು ಹೊರಹಾಕುವ ಕೆಲಸ.

ಸಿಹಿನೀರಿನ ಕೆರೆಗೆ ಉಪ್ಪು ಎಲ್ಲಿಂದ ಬಂದಿತು ಎಂದು ಕೇಳಬಹುದು. ಕಲ್ಲಿನಿಂದ ಬಂದಿತು. ಮಳೆಯ ನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲಾಮ್ಲವನ್ನು ಹೀರಿಕೊಂಡು ಎಷ್ಟೋ ಸೌಮ್ಯವಾದ ಹುಳಿಯಾಗುವುದು. ಆ ಹುಳಿ ನಾಲಗೆಗೆ ತಿಳಿಯದು, ಬಂಡೆಗೆ ತಿಳಿಯುವುದು. ಸಾವಿರಾರು ವರ್ಷಗಳ ಕಾಲ ಹೀಗೆ ನೆನೆದ ಬಂಡೆಯಿಂದ ಸೋಡಿಯಂ, ಸುಣ್ಣ ಮೊದಲಾದ ಧಾತುಗಳು ಕಣಕಣವಾಗಿ ಬಿಟ್ಟು ನೀರಿನಲ್ಲಿ ಕರಗಿ ಹೊರಡುತ್ತವೆ. ಸಮುದ್ರದ ಕಡೆಯಿಂದ ಗಾಳಿಯೊಡನೆ ಬಂದು ಮಳೆಯಲ್ಲಿ ಇಳಿಯುವ ಉಪ್ಪೂ ಇದರೊಡನೆ ಕೂಡುವುದು. ದೇವರಾಯನದುರ್ಗದ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ದಿಕ್ಕಿಗೆ ಹರಿಯುತ್ತದೆ. ಶಿಂಷೆಯಾಗಿ ದಕ್ಷಿಣಕ್ಕೆ ಹೊರಟ ನೀರು ಕಾವೇರಿಯನ್ನು ಸೇರುವುದು. ಜಯಮಂಗಲಿಯಾಗಿ ಉತ್ತರಕ್ಕೆ ಹೊರಟ ನೀರು ಉತ್ತರ ಪಿನಾಕಿನಿಯನ್ನು ಸೇರುವುದು. ದಾರಿಗಳು ಬೇರೆಯಾದರೂ ಎರಡಕ್ಕೂ ಕೊನೆ ಬಂಗಾಳ ಕೊಲ್ಲಿಯೇ. ಈ ನೀರು ತನ್ನ ಅಲ್ಪಸ್ವಲ್ಪ ಉಪ್ಪನ್ನು ಹೊತ್ತುಕೊಂಡೇ ಹೋಗುವುದು. ನಡುವೆ ಇರುವ ನಮ್ಮ ಕೆರೆಗಳು ಉಪ್ಪಿನ ಈ ಯಾತ್ರೆಯಲ್ಲಿ ಛತ್ರಗಳಿದ್ದಂತೆ. ಯಾತ್ರಿಕರು ತಂಗುವರು, ನೆಲಸುವುದಿಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷೆಗೆ ಕಟ್ಟಿದ ಜಲಾಶಯದಲ್ಲಿ, ನೀರು ಮಟ್ಟ ಮೀರಿದೊಡನೆ ಯಾರ ಕೈಯೂ ತಾಗದೆ ತಾನಾಗಿಯೇ ಹೊರಬೀಳುವಂತೆ ಸೈಫನ್‌ಗಳನ್ನು ಇಟ್ಟಿದ್ದಾರೆ. ಅದೂ ಒಂದು ಬಗೆಯ ಕೋಡಿಯೇ.

ಇನ್ನು ಕೋಡಿಯೂ ಇಲ್ಲದ, ತೂಬೂ ಇಲ್ಲದ ಒಂದು ಕೆರೆಯನ್ನು ಊಹಿಸಿಕೊಳ್ಳಿರಿ. ನಾಲ್ಕು ದಿಕ್ಕಿನಿಂದಲೂ ನೀರು ಒಳಕ್ಕೆ ಬರುವುದು. ಹೊರಕ್ಕೆ ಹೋಗಲು ಆಕಾಶವೊಂದೇ ದಾರಿ. ಬಿಸಿಲು ನೀರನ್ನು ಮೇಲಕ್ಕೆ ಒಯ್ಯುವುದು, ಉಪ್ಪನ್ನು ಮುಟ್ಟುವುದಿಲ್ಲ. ಹೀಗೆ ವರ್ಷವರ್ಷವೂ ಬಂದ ಉಪ್ಪೆಲ್ಲ ಅಲ್ಲಿಯೇ ಉಳಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಉದಾಹರಣೆ ರಾಜಸ್ಥಾನದ ಸಾಂಭರ ಸರೋವರ. ಭಾರತದ ಒಳನಾಡಿನ ಉಪ್ಪು ಸರೋವರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಜಯಪುರಕ್ಕೆ ನೈಋತ್ಯದಲ್ಲಿ ಸುಮಾರು ಐವತ್ತು ಮೈಲಿ ದೂರದಲ್ಲಿ, ಸಮುದ್ರಮಟ್ಟಕ್ಕೆ ೧೨೦೦ ಅಡಿಗಳಷ್ಟು ಎತ್ತರದಲ್ಲಿ ಈ ಸರೋವರವಿದೆ. ಉದ್ದ ೨೨ ಮೈಲಿ. ಅಗಲ ಎರಡರಿಂದ ಏಳು ಮೈಲಿ. ಒಳ್ಳೆಯ ಮಳೆಯಾದ ವರ್ಷದಲ್ಲಿ ೯೦ ಚದರ ಮೈಲಿಗಳಷ್ಟು ನೆಲವನ್ನು ನೀರು ಮುಚ್ಚುವುದು. ಇಷ್ಟು ವಿಸ್ತಾರವಾದ ನೀರಿನ ಆಳವನ್ನು ಕೇಳಿದರೆ ನಗು ಬಂದೀತು: ಮಳೆಗಾಲದ ಕೊನೆಯಲ್ಲಿಯೂ ಹತ್ತು ಅಡಿ ಮೀರುವುದಿಲ್ಲ, ಬೇಸಗೆಯಲ್ಲಿ ಅಂಗುಲಗಳ ಲೆಕ್ಕಕ್ಕೆ ಇಳಿಯುವುದು, ಎಷ್ಟೋ ವರ್ಷ ಪೂರಾ ಒಣಗಿ ಬಿಳಿಯ ಹಾಸುಗಲ್ಲಿನಂತೆ ಬಿದ್ದಿರುವುದು. ಉತ್ತರದಿಂದ ಮೇಂಢಾ ನದಿಯೂ ದಕ್ಷಿಣದಿಂದ ರೂಪನಗಢ ನದಿಯೂ ಮತ್ತೆರಡು ಸಣ್ಣ ಹೊಳೆಗಳೂ ಇದಕ್ಕೆ ನೀರು ತರುತ್ತವೆ. ಎರಡು ಸಾವಿರ ಚದರ ಮೈಲಿಗಳಿಗೂ ಮಿಕ್ಕ ಪ್ರದೇಶದ ಮಳೆ ಈ ತಟ್ಟೆಗೆ ಹರಿದು ಬರುವುದು.

ಇದು ಮರುಭೂಮಿಯ ಅಂಚು, ಅಲ್ಲಿ ಮಳೆಯೇ ಇಲ್ಲ, ಆದುದರಿಂದ ಉಪ್ಪು ಎಂದು ಕೆಲವರು ತಿಳಿಯುವುದುಂಟು. ಸಾಂಭರಿನಲ್ಲಿ ವರ್ಷಕ್ಕೆ ಸುಮಾರು ಇಪ್ಪತ್ತು ಅಂಗುಲ ಮಳೆಯಾಗುವುದು. ನಮ್ಮ ಪಾವಗಡದ ಸೀಮೆಯ ಮಳೆಗೂ ಇದಕ್ಕೂ ಬಹಳ ಅಂತರವಿಲ್ಲ. ಬರಗಾಲವನ್ನು ಪಾವಗಡವೂ ಚೆನ್ನಾಗಿ ಬಲ್ಲದು. ಆದರೂ ಅಲ್ಲಿ ಉಪ್ಪು ಸರೋವರ ಹುಟ್ಟಲಿಲ್ಲ. ಇಳಿಜಾರು ಪಿನಾಕಿನಿಯ ಕಡೆಗಿದೆ, ಪಿನಾಕಿನಿ ಕಡಲಿಗೆ ಹೋಗುವುದು. ಸಾಂಭರದ ತಟ್ಟೆಯ ಸುತ್ತಲೂ ಅರಾವಳಿಯ ಗುಡ್ಡಗಳೂ ಮರಳಿನ ದಿಣ್ಣೆಗಳೂ ಎದ್ದು ನಿಂತಿವೆ. ಮಳೆ ಕಡಿಮೆಯಾದುದು ಅರ್ಧ ಕಾರಣ, ದಾರಿಯಿಲ್ಲದುದು ಮಿಕ್ಕರ್ಧ.

ಈ ಉಪ್ಪಿನ ಮೂಲವನ್ನು ಕುರಿತು ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಇಲ್ಲಿ ಒಂದಾನೊಂದು ಕಾಲದಲ್ಲಿ ಕಡಲಿತ್ತು, ಅದು ಹಿಂದಕ್ಕೆ ಸರಿದಾಗ ಉಳಿದುದೇ ಈ ನೀರು ಎಂಬುದು ಹಳೆಯ ಊಹೆ. ೧೯೦೯ರಲ್ಲಿ ಭಾರತದ ಭೂವಿಜ್ಞಾನ ಇಲಾಖೆಯ ಹಾಲೆಂಡ್ ಮತ್ತು ಕ್ರಿಸ್ಟಿ ಎಂಬಿಬ್ಬರು ಬೇರೊಂದು ವಾದವನ್ನು ಮುಂದಿಟ್ಟರು. ಬೇಸಗೆಯಲ್ಲಿ ಕಚ್ಛದ ರಣ್ಣಿನ ಕಡೆಯಿಂದ ಬೀಸುವ ಬಿರುಗಾಳಿ ಉಪ್ಪಿನ ಧೂಳನ್ನು ಎತ್ತಿ ತಂದು ರಾಜಪುತಾನದ ಮೇಲೆ ಸುರಿಯುವುದು, ಮಳೆ ಅದನ್ನು ತೊಳೆದು ತಗ್ಗಿಗೆ ಸೇರಿಸುವುದು ಎಂದರು. ಹೇಳಿ ಸುಮ್ಮನಾಗದೆ ಗಾಳಿಯಲ್ಲಿರುವ ಉಪ್ಪನ್ನು ಅಳೆದು, ಹೀಗೆ ಬರುವುದು ವರ್ಷಕ್ಕೆ ಲಕ್ಷ ಟನ್ನಿಗೂ ಮಿಕ್ಕೀತೆಂದು ಲೆಕ್ಕ ಹಾಕಿದರು. ಈಚಿನ ರಾಸಾಯನಿಕ ಪರೀಕ್ಷೆಗಳು ಸಮುದ್ರದ ಊಹೆಯನ್ನು ಒಪ್ಪುವುದಿಲ್ಲ. ನೀರು ಮಳೆಯದೇ, ಉಪ್ಪು ಸುತ್ತಣ ಬಂಡೆಗಳ ಸವೆತದಿಂದಲೂ ಗಾಳಿ ಮಳೆಗಳಿಂದಲೂ ಬಂದು ಬಿಸಿಲಿನಲ್ಲಿ ಗಟ್ಟಿಯಾದುದು ಎಂಬ ಕಡೆಗೆ ವಾಲುತ್ತವೆ. ಹಾಗಾದರೆ ದೇವರಾಯನದುರ್ಗದ ಕಲ್ಲಿಗೂ ಅರಾವಳಿಯ ಕಲ್ಲಿಗೂ ಸ್ವಭಾವದಲ್ಲಿ ದೊಡ್ಡ ವ್ಯತ್ಯಾಸ ಹುಡುಕಬೇಕಾದುದಿಲ್ಲ.

ಸರೋವರವು ಯಾವಾಗಲೂ ಹೀಗೆಯೇ ಇದ್ದಿತೆಂದೂ ಅಲ್ಲ. ೧೯೭೦ರ ದಶಕದಲ್ಲಿ ಗುರುದೀಪ ಸಿಂಗ್ ಎಂಬ ಸಸ್ಯವಿಜ್ಞಾನಿ ಸಾಂಭರ, ಡೀಡವಾನ, ಲೂಣಕರಣಸರ ಎಂಬ ಉಪ್ಪು ಸರೋವರಗಳ ಕೆಸರನ್ನು ಆಳದಿಂದ ತೆಗೆದು, ಅದರಲ್ಲಿ ಹುದುಗಿದ್ದ ಹೂವಿನ ಪರಾಗವನ್ನು ಪರೀಕ್ಷಿಸಿದನು. ಪರಾಗದ ಕಣ ಬಹು ಗಟ್ಟಿ. ಗಿಡ ಸತ್ತು ಸಾವಿರ ವರ್ಷವಾದರೂ ಕೆಸರಿನಲ್ಲಿ ಕೆಡದೆ ಉಳಿಯುವುದು. ಯಾವ ಪದರದಲ್ಲಿ ಯಾವ ಗಿಡದ ಪರಾಗವಿದೆಯೆಂದು ನೋಡಿದರೆ ಆಗಿನ ಮಳೆಯ ಅಂದಾಜು ಸಿಕ್ಕುವುದು. ಈ ಸೀಮೆ ಒಮ್ಮೆ ಈಗಿಗಿಂತ ಬಹಳ ಒಣಗಿಯೂ ಒಮ್ಮೆ ಈಗಿಗಿಂತ ತಂಪಾಗಿಯೂ ಇದ್ದಿತೆಂದು ಆ ಕೆಸರು ಸಾಕ್ಷಿ ಹೇಳಿತು. ಪಂಚಾಂಗಗಳು ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನ ಮಳೆಯ ಲೆಕ್ಕ ಅಲ್ಲಿ ಪದರಪದರವಾಗಿ ಕುಳಿತಿದೆ.

ಇಂಥ ನೀರಿನಲ್ಲಿ ಜೀವವಿರುವುದುಂಟೆ? ಮೀನು ಬಾಳದು, ತಾವರೆ ಬೆಳೆಯದು. ಕಡಲ ನೀರಿನಲ್ಲಿ ನೂರಕ್ಕೆ ಮೂರೂವರೆ ಭಾಗ ಉಪ್ಪು. ಸಾಂಭರದ ನೀರು ಒಣಗುತ್ತ ಬಂದಾಗ ನೂರಕ್ಕೆ ಇಪ್ಪತ್ತೈದನ್ನೂ ಮುಟ್ಟುವುದು. ಆದರೂ ಅಲ್ಲಿ ಜೀವ ಕಿಕ್ಕಿರಿದಿದೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ಡುನಾಲಿಯೆಲ್ಲಾ ಎಂಬ ಪಾಚಿ ಉಪ್ಪು ಕಡಿಮೆಯಿದ್ದಾಗ ಹಸುರಾಗಿರುವುದು. ಉಪ್ಪೂ ಬಿಸಿಲೂ ಏರಿದಂತೆಲ್ಲ ತನ್ನ ರಕ್ಷಣೆಗಾಗಿ ಕೆಂಬಣ್ಣವನ್ನು ತುಂಬಿಕೊಳ್ಳುವುದು. ಅದು ಗಜ್ಜರಿಯಲ್ಲಿರುವ ಬಣ್ಣವೇ. ಉಪ್ಪಿಲ್ಲದಿದ್ದರೆ ಬದುಕಲಾರದ ಕೆಲವು ಸೂಕ್ಷ್ಮಜೀವಿಗಳೂ ನೀರನ್ನು ಕೆಂಪಾಗಿಸುತ್ತವೆ. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ, ಉಲ್ಕೆ ಬಿದ್ದ ಕುಳಿಯಲ್ಲಿ ನಿಂತಿರುವ ಲೋಣಾರದ ಉಪ್ಪು ಕೊಳ ೨೦೨೦ರ ಜೂನ್ ತಿಂಗಳಲ್ಲಿ ಗುಲಾಬಿಯ ಬಣ್ಣಕ್ಕೆ ತಿರುಗಿ ಜನರನ್ನು ಬೆರಗುಗೊಳಿಸಿದುದಕ್ಕೂ ಇಂಥ ಜೀವಿಗಳೇ ಕಾರಣ.

ಈ ಪಾಚಿಗಳನ್ನೂ ಉಪ್ಪುನೀರಿನ ಸಣ್ಣ ಹುಳುಗಳನ್ನೂ ನೆಚ್ಚಿಕೊಂಡು ರಾಜಹಂಸಗಳು ಬರುತ್ತವೆ. ಉದ್ದವಾದ ಕಾಲು, ಬಾಗಿದ ಕೊಕ್ಕು. ತಲೆಯನ್ನು ಕೆಳಗುಮೇಲಾಗಿಸಿ ಕೊಕ್ಕನ್ನು ನೀರಿನಲ್ಲಿ ಅದ್ದಿ, ನಾಲಗೆಯಿಂದ ನೀರನ್ನು ಹೀರಿ ಹೊರಕ್ಕೆ ದೂಡುವುವು. ನೀರು ಹೋಗುವುದು, ಆಹಾರ ಕೊಕ್ಕಿನ ಅಂಚಿನ ಜಾಲರಿಯಲ್ಲಿ ನಿಲ್ಲುವುದು. ಮನೆಯಲ್ಲಿ ಜರಡಿ ಹಿಡಿಯುವ ಕ್ರಮ ಇದಕ್ಕಿಂತ ಬೇರೆಯಲ್ಲ. ಅವುಗಳ ಗರಿಯ ನಸುಗೆಂಪು ಈ ಆಹಾರದಿಂದ ಬಂದುದೇ ಹೊರತು ಹುಟ್ಟಿನಿಂದ ಬಂದುದಲ್ಲ, ಮರಿಗಳು ಬೂದುಬಣ್ಣದವು. ೧೮೭೩ರಲ್ಲಿ ಸಾಂಭರಿನಲ್ಲಿ ಉಪ್ಪಿನ ಅಧಿಕಾರಿಯಾಗಿದ್ದ ಆಡಂ ಎಂಬವನು ಇಲ್ಲಿಯ ಹಕ್ಕಿಗಳನ್ನು ಕುರಿತು ದೀರ್ಘವಾದ ಲೇಖನ ಬರೆದನು. ಅದನ್ನು ಪ್ರಕಟಿಸಿದ ಪತ್ರಿಕೆಯ ಸಂಪಾದಕನು ಆಲನ್ ಆಕ್ಟೇವಿಯನ್ ಹ್ಯೂಮ್. ೧೮೮೫ರಲ್ಲಿ ಕಾಂಗ್ರೆಸ್ಸನ್ನು ಹುಟ್ಟಿಸಿದವರಲ್ಲಿ ಒಬ್ಬನಾದ ಹ್ಯೂಮ್ ಆತನೇ. ಹಕ್ಕಿಯ ಮಾತಿನಲ್ಲಿ ಬಂದ ಈತನು ಉಪ್ಪಿನ ಮಾತಿನಲ್ಲಿಯೂ ಮತ್ತೆ ಬರುವನು.

ಮನುಷ್ಯರು ಈ ಸರೋವರವನ್ನು ಕಂಡುದು ಬಹು ಹಿಂದೆ. ಸಾಂಭರವೆಂಬುದು ಶಾಕಂಭರಿಯಿಂದ ಬಂದ ಹೆಸರು. ನೀರಿನೊಳಕ್ಕೆ ಚಾಚಿದ ಬಂಡೆಯ ಮೇಲೆ ಆ ದೇವಿಯ ಗುಡಿಯಿದೆ. ಭಕ್ತಿಗೆ ಮೆಚ್ಚಿದ ದೇವಿಯು ಅಲ್ಲಿಯ ಕಾಡನ್ನೆಲ್ಲ ಬೆಳ್ಳಿಯ ಬಯಲಾಗಿ ಮಾಡಿದಳಂತೆ. ಬೆಳ್ಳಿಯನ್ನು ಕಂಡ ಜನ, ಇದಕ್ಕಾಗಿ ಹೊಡೆದಾಟವಾಗುವುದೆಂದು ಹೆದರಿ, ವರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಬೇಡಿದರಂತೆ. ಆಗ ಬೆಳ್ಳಿಯ ಬಯಲು ಉಪ್ಪಿನ ಬಯಲಾಯಿತು. ಊರಿನಲ್ಲಿ ದೇವಯಾನಿಯ ಹೆಸರಿನ ಪುಷ್ಕರಿಣಿಯೊಂದುಂಟು. ಯಯಾತಿಯ ಕಥೆಯನ್ನು ಬಲ್ಲ ನಮ್ಮ ಶ್ರೋತೃಗಳಿಗೆ, ಶುಕ್ರಾಚಾರ್ಯನ ಮಗಳೂ ಶರ್ಮಿಷ್ಠೆಯೂ ಜಲಕ್ರೀಡೆಯಲ್ಲಿ ಜಗಳವಾಡಿದ ಸ್ಥಳ ಇದೇ ಎಂದು ಅಲ್ಲಿಯವರು ತೋರಿಸಿಯಾರು. ಚಾಹಮಾನ ಅರಸರು ಹನ್ನೆರಡನೆಯ ಶತಮಾನದಲ್ಲಿ ಅಜಮೀರಕ್ಕೆ ಹೋಗುವ ಮುನ್ನ ಇಲ್ಲಿಂದ ಆಳಿದರು. ೧೫೬೨ರಲ್ಲಿ ಅಕ್ಬರನು ಆಮೇರದ ರಾಜ ಭಾರಮಲ್ಲನ ಮಗಳನ್ನು ಮದುವೆಯಾದುದೂ ಇಲ್ಲಿಯೇ. ಮುಂದೆ ಜಯಪುರ ಮತ್ತು ಜೋಧಪುರದ ಅರಸರು ಸರೋವರವನ್ನು ಹಂಚಿಕೊಂಡು ಅನುಭವಿಸಿದರು. ಬೆಳ್ಳಿಯ ಭಯ ಉಪ್ಪಿಗೂ ತಪ್ಪಲಿಲ್ಲವೆಂದು ಕಾಣುತ್ತದೆ.

ಇಲ್ಲಿಯ ಉಪ್ಪನ್ನು ಎತ್ತುಗಳ ಮೇಲೆ ಹೇರಿ ಊರೂರಿಗೆ ಒಯ್ದವರು ಬಂಜಾರರು. ನಮ್ಮ ನಾಡಿನ ಲಂಬಾಣಿಗಳು ಇವರ ಬಳಗದವರೇ. ಲಂಬಾಣಿಯೆಂಬ ಹೆಸರು ಲವಣದಿಂದ ಬಂದುದೆಂದು ಹೇಳುವವರುಂಟು. ಸಿರಾ, ಪಾವಗಡಗಳ ತಾಂಡಾಗಳಲ್ಲಿ ಕೇಳುವ ನುಡಿಗೂ ರಾಜಸ್ಥಾನದ ನುಡಿಗಳಿಗೂ ನಂಟಿರುವುದರ ಹಿಂದೆ ಎತ್ತಿನ ಹೇರುಗಳ ದೀರ್ಘವಾದ ಪ್ರಯಾಣವಿದೆ.

ಈ ಹೇರುಗಳನ್ನು ತಡೆಯುವುದಕ್ಕಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಮಾಡಿದ ಕೆಲಸವನ್ನು ಇಂದು ಕೇಳಿದರೆ ನಂಬುವುದು ಕಷ್ಟ. ಬಂಗಾಳ ಆಧಿಪತ್ಯದಲ್ಲಿ ಉಪ್ಪಿನ ಮೇಲೆ ಅವರು ಹೇರಿದ ಸುಂಕ ಬಹಳ ಭಾರವಾಗಿತ್ತು. ರಾಜಪುತಾನದ ಅಗ್ಗದ ಉಪ್ಪು ಗಡಿ ದಾಟಿ ಬಂದರೆ ಸುಂಕಕ್ಕೆ ನಷ್ಟ. ಆದಕಾರಣ ಸಿಂಧೂನದಿಯ ಕಡೆಯಿಂದ ಮಹಾನದಿಯವರೆಗೆ ೨೩೦೦ ಮೈಲಿ ಉದ್ದದ ಸುಂಕದ ಗೆರೆಯನ್ನು ಎಳೆದು, ಅದರ ಬಹುಭಾಗದಲ್ಲಿ ಬೇಲಿಯನ್ನು ಹಬ್ಬಿಸಿದರು. ಜಾಲಿ, ಎಲಚಿ, ಕವಳಿ, ಪಾಪಾಸುಕಳ್ಳಿ, ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಇವೇ ಮುಳ್ಳುಗಿಡಗಳನ್ನು ಆಳೆತ್ತರಕ್ಕೂ ಮೀರಿ ಒತ್ತಾಗಿ ಬೆಳಸಿದರು. ಕಾಯುವುದಕ್ಕೆ ಸುಮಾರು ಹನ್ನೆರಡು ಸಾವಿರ ಜನ. ೧೮೬೭ರಿಂದ ೧೮೭೦ರವರೆಗೆ ಈ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವನು ಹಕ್ಕಿಗಳ ಪಂಡಿತ ಹ್ಯೂಮನೇ; ಒಣಮುಳ್ಳಿನ ಬೇಲಿಯನ್ನು ಜೀವಂತ ಬೇಲಿಯಾಗಿ ಬೆಳಸುವ ಕೆಲಸ ಅವನ ಕಾಲದಲ್ಲಿ ಬಿರುಸಾಯಿತು.

ಬೇಲಿಯ ಖರ್ಚು ಹೆಚ್ಚು, ಲಂಚ ಬೇರೆ. ಉಪ್ಪು ಹುಟ್ಟುವ ಸ್ಥಳವನ್ನೇ ಹಿಡಿದರೆ ಬೇಲಿ ಏಕೆ ಎಂಬ ಯೋಚನೆ ಬಂದಿತು. ೧೮೬೯-೭೦ರ ಕರಾರುಗಳಿಂದ ಜಯಪುರ ಜೋಧಪುರಗಳ ಕೈಯಿಂದ ಸಾಂಭರ ಸರೋವರವನ್ನು ಗುತ್ತಿಗೆಗೆ ಪಡೆದರು. ಮಿಕ್ಕ ಸಂಸ್ಥಾನಗಳೊಡನೆಯೂ ಒಪ್ಪಂದಗಳಾದುವು. ೧೮೭೯ರಲ್ಲಿ ಬೇಲಿಯನ್ನು ಕೈಬಿಟ್ಟರು. ಇದನ್ನು ದೊಡ್ಡ ಸುಧಾರಣೆಯೆಂದು ಹೊಗಳಿದವರುಂಟು. ಬೇಲಿ ಹೋದುದು ಒಳ್ಳೆಯದೇ. ಆದರೆ ಸುಂಕ ಹೋಗಲಿಲ್ಲ, ಸರೋವರದ ದಡದಲ್ಲಿಯೇ ಉಪ್ಪಿನೊಡನೆ ಬೆರೆತುಕೊಂಡಿತು. ಬೇಲಿಯಾದರೆ ಕಣ್ಣಿಗೆ ಕಾಣುತ್ತಿತ್ತು, ಕದ್ದು ದಾಟಲೂ ಬರುತ್ತಿತ್ತು. ೧೯೩೦ರಲ್ಲಿ ದಂಡಿಯಲ್ಲಿ ಮಹಾತ್ಮರು ಹಿಡಿ ಉಪ್ಪನ್ನು ಎತ್ತಿದುದೂ, ಅದೇ ತಿಂಗಳಲ್ಲಿ ನಮ್ಮ ಅಂಕೋಲೆಯ ಜನ ಕಾನೂನು ಮುರಿದು ಉಪ್ಪು ಮಾಡಿದುದೂ ಈ ಕಾಣದ ಬೇಲಿಯನ್ನು ಕಾಣಿಸುವುದಕ್ಕೆ ಎನ್ನಬಹುದು. ಆ ಸುಂಕ ರದ್ದಾದುದು ೧೯೪೭ರಲ್ಲಿ.

ಕಡಲಿಲ್ಲದ ಹಳೆಯ ಮೈಸೂರು ಸೀಮೆಯಲ್ಲಿಯೂ ಉಪ್ಪು ಹುಟ್ಟುತ್ತಿತ್ತು. ನೀರು ನಿಂತು ಬಸಿಯದ ತಗ್ಗಿನ ಹೊಲಗಳಲ್ಲಿ, ಬೇಸಗೆಯಲ್ಲಿ ನೆಲದ ಮೇಲೆ ಬಿಳಿಯ ಪೊರೆ ಏಳುವುದನ್ನು ಎಲ್ಲರೂ ಕಂಡಿರಬಹುದು. ಅದನ್ನೇ ಸವುಳು, ಚೌಳು ಎನ್ನುವುದು. ಉಪ್ಪಾರರು ಈ ಮಣ್ಣನ್ನು ಕೆರೆದು ತಂದು, ದಿಬ್ಬದ ಮೇಲಿನ ಗುಂಡಿಯಲ್ಲಿ ತುಂಬಿ ನೀರು ಹೊಯ್ದು, ಬಸಿದ ನೀರನ್ನು ಗಚ್ಚಿನ ಮಡುವುಗಳಲ್ಲಿ ಒಣಗಿಸಿ ಮಣ್ಣುಪ್ಪನ್ನು ಮಾಡುತ್ತಿದ್ದರು. ಕುಲದ ಹೆಸರು ಬಂದುದೇ ಈ ಕಸುಬಿನಿಂದ. ಚಾಮರಾಜನಗರದ ಕಡೆ ಮೋಳೆಯೆಂದು ಮುಗಿಯುವ ಊರುಗಳು ಈ ಉಪ್ಪಿನ ಮೋಳೆಗಳ ನೆನಪನ್ನು ಇಟ್ಟುಕೊಂಡಿವೆ. ರೈಲಿನಲ್ಲಿ ಕಡಲುಪ್ಪು ಅಗ್ಗವಾಗಿ ಬಂದಮೇಲೆ ಕಸುಬು ನಿಂತಿತು, ಸವುಳು ನಿಲ್ಲಲಿಲ್ಲ. ತುಂಗಭದ್ರೆಯ ಕಾಲುವೆಗಳಿಂದ ನೀರುಂಡ ಗಂಗಾವತಿ, ಸಿಂಧನೂರಿನ ಕಡೆಯ ಎಷ್ಟೋ ಗದ್ದೆಗಳು, ನೀರು ತಂದವರು ಅದನ್ನು ಬಸಿಯಲು ಸಾಕಷ್ಟು ದಾರಿ ಮಾಡದುದರಿಂದ, ಚೌಳಾದುವು. ಒಂದೊಂದು ಚೌಳು ಗದ್ದೆಯೂ ಒಂದೊಂದು ಪುಟ್ಟ ಸಾಂಭರ.

ಸಾಂಭರದಲ್ಲಿ ಉಪ್ಪು ತೆಗೆಯುವ ಕ್ರಮ ಉಪ್ಪಾರರ ಕ್ರಮಕ್ಕಿಂತ ತತ್ತ್ವದಲ್ಲಿ ಭಿನ್ನವಲ್ಲ. ಪ್ರಮಾಣ ಮಾತ್ರ ದೊಡ್ಡದು. ಸರೋವರಕ್ಕೆ ಅಡ್ಡಲಾಗಿ ಮೂರು ಮೈಲಿಗೂ ಮಿಕ್ಕ ಉದ್ದದ ಕಲ್ಲಿನ ಕಟ್ಟೆಯಿದೆ. ಅದರ ಪೂರ್ವದ ಭಾಗವೇ ಉಪ್ಪಿನ ಕಾರಖಾನೆ. ಪಶ್ಚಿಮದ ನೀರು ಬಿಸಿಲಿಗೆ ಸ್ವಲ್ಪ ಗಟ್ಟಿಯಾದಮೇಲೆ ಕಟ್ಟೆಯಾಚೆಗೆ ಬಿಟ್ಟು, ಮತ್ತೆ ಗಟ್ಟಿಮಾಡಿ, ಕ್ಯಾರ್ ಎಂದು ಅಲ್ಲಿಯವರು ಕರೆಯುವ ಮಡಿಗಳಿಗೆ ಹಾಯಿಸುವರು. ಉಪ್ಪಿನ ಹರಳು ಕೂತಮೇಲೆ ಉಳಿದ ನೀರನ್ನು ಪೂರಾ ಒಣಗಲು ಬಿಡಬಾರದು. ಅದರಲ್ಲಿ ಸೋಡದ ಸಲ್ಫೇಟು, ಕಾರ್ಬೊನೇಟುಗಳಿರುವುದರಿಂದ ಉಪ್ಪು ಕಹಿಯಾಗುವುದು. ಆ ಕಹಿನೀರನ್ನು ಹೊರಕ್ಕೆ ಬಸಿಯಬೇಕು. ಕೋಡಿಯಿಲ್ಲದ ಸರೋವರದ ಉಪ್ಪನ್ನು ಉಣ್ಣಬೇಕಾದರೂ ಮಡಿಗೊಂದು ಕೋಡಿ ಬೇಕೇ ಬೇಕು! ಹೆಂಗಸರೂ ಗಂಡಸರೂ ಉಪ್ಪನ್ನು ಬಳಿದು ಗುಡ್ಡೆಹಾಕುವರು. ಚಿಕ್ಕ ರೈಲಿನ ತೊಟ್ಟಿಗಳು ಅದನ್ನು ದಡಕ್ಕೆ ಸಾಗಿಸುವುವು. ಬಿಳಿಯ ನೆಲದ ಝಳ ಕಣ್ಣನ್ನೂ ಉಪ್ಪುನೀರು ಕಾಲಿನ ಚರ್ಮವನ್ನೂ ತಿನ್ನುವುದು. ೧೯೬೪ರಲ್ಲಿ ಕೇಂದ್ರ ಸರಕಾರದ ಹಿಂದುಸ್ಥಾನ್ ಸಾಲ್ಟ್ಸ್ ಸಂಸ್ಥೆಯೂ ರಾಜಸ್ಥಾನ ಸರಕಾರವೂ ಕೂಡಿ ಸಾಂಭರ್ ಸಾಲ್ಟ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದುವು. ಒಳ್ಳೆಯ ವರ್ಷಗಳಲ್ಲಿ ಉತ್ಪತ್ತಿ ಎರಡು ಲಕ್ಷ ಟನ್ನಿನ ಸಮೀಪಕ್ಕೆ ಬಂದುದುಂಟು.

ಇಷ್ಟು ಕಾಲ ನಡೆದುಬಂದ ಈ ವ್ಯವಸ್ಥೆಗೆ ಈಗ ಕುತ್ತು ಬಂದಿದೆ. ೧೯೯೦ರಲ್ಲಿ ಸಾಂಭರವನ್ನು ರಾಮ್ಸಾರ್ ಒಪ್ಪಂದದ ಪ್ರಕಾರ ಜಗತ್ತಿನ ಮುಖ್ಯ ಜಲಭೂಮಿಗಳಲ್ಲಿ ಸೇರಿಸಿದರು. ಆದರೆ ನೀರು ಮೇಲಿನಿಂದ ಬರಬೇಕಷ್ಟೆ. ಜಲಾನಯನದಲ್ಲಿ ಹೊಳೆ ಹಳ್ಳಗಳಿಗೆ ಅಲ್ಲಲ್ಲಿ ಒಡ್ಡುಗಳು ಬಿದ್ದಿವೆ. ಮೇಂಢಾ, ರೂಪನಗಢಗಳ ನೀರು ಸರೋವರವನ್ನು ಮುಟ್ಟುವುದು ವಿರಳವಾಗಿದೆ. ಒಡ್ಡು ಹಾಕಿದ ರೈತನನ್ನು ಬಯ್ಯುವುದು ಸುಲಭ. ತನ್ನ ಹೊಲದ ಮಳೆಯನ್ನು ತನ್ನ ಹೊಲದಲ್ಲಿ ನಿಲ್ಲಿಸುವುದೇ ಜಾಣತನವೆಂದು ಅವನಿಗೆ ಕಲಿಸಿದವರು ನಾವೇ ಅಲ್ಲವೆ? ಇನ್ನೊಂದು ಕಡೆಯಿಂದ, ನಾವಾ ಮೊದಲಾದ ಊರುಗಳ ಸುತ್ತ ಖಾಸಗಿಯವರು ಕೊಳವೆ ಬಾವಿಗಳನ್ನು ಕೊರೆದು, ಸರೋವರದ ಅಡಿಯ ಉಪ್ಪುನೀರನ್ನೇ ಪಂಪುಗಳಿಂದ ಎಳೆಯುತ್ತಾರೆ. ಇದಕ್ಕೆ ಆ ನೆಪವೂ ಇಲ್ಲ. ಹೊರದಾರಿಯಿಲ್ಲದುದರಿಂದ ಸರೋವರವಾದ ಈ ನೆಲಕ್ಕೆ ಈಗ ಒಳದಾರಿಯೂ ಮುಚ್ಚುತ್ತ ಬಂದಿದೆ.

೨೦೧೯ರಲ್ಲಿ ಒಳ್ಳೆಯ ಮಳೆಯಾಗಿ ನೀರು ತುಂಬಿತು, ಹಕ್ಕಿಗಳೂ ಬಂದುವು. ನವೆಂಬರಿನಲ್ಲಿ ಅವು ಸಾವಿರಗಟ್ಟಲೆ ಸಾಯತೊಡಗಿದುವು. ಸತ್ತುವು ಸುಮಾರು ೧೮,೦೦೦. ಪರೀಕ್ಷೆಯಲ್ಲಿ ತಿಳಿದ ಕಾರಣ ಬೊಟುಲಿಸಂ ಎಂಬ ವಿಷ. ಗಾಳಿಯಿಲ್ಲದ ಕೆಸರಿನಲ್ಲಿಯೂ ಹೆಣದಲ್ಲಿಯೂ ಬೆಳೆಯುವ ಒಂದು ಸೂಕ್ಷ್ಮಜೀವಿ ಅದನ್ನು ಉತ್ಪತ್ತಿಮಾಡುವುದು. ಹೆಣದ ಮೇಲಿನ ಹುಳುಗಳಿಗೆ ಅದು ತಟ್ಟುವುದಿಲ್ಲ. ಹುಳುವನ್ನು ತಿಂದ ಹಕ್ಕಿಗೆ ರೆಕ್ಕೆ ಕಾಲುಗಳು ಬೀಳುತ್ತವೆ, ಕತ್ತು ನೀರಿಗೆ ಬೀಳುತ್ತದೆ. ಒಂದು ಹೆಣ ಹತ್ತು ಹೆಣಗಳಿಗೆ ಕಾರಣವಾಗುವುದು. ಆದುದರಿಂದ ಹೆಣಗಳನ್ನು ಹುಡುಕಿ ಹೂಳುವುದೇ ಆಗ ಮುಖ್ಯ ಚಿಕಿತ್ಸೆಯಾಯಿತು.

ನೀರು ಪೂರಾ ನಿಂತರೆ ಏನಾಗುವುದೆಂದು ತಿಳಿಯಲು ಮಧ್ಯ ಏಷ್ಯದ ಅರಲ್ ಸಮುದ್ರವನ್ನು ನೋಡಬಹುದು. ೧೯೬೦ರ ಅನಂತರ ಅದರ ಎರಡು ನದಿಗಳನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದರು. ನೀರು ಬಹುಪಾಲು ಬತ್ತಿತು, ಮೀನುಗಾರರ ದೋಣಿಗಳು ಮರಳಿನಲ್ಲಿ ಕುಳಿತುವು, ತಳದ ಉಪ್ಪನ್ನು ಗಾಳಿ ಎತ್ತಿ ಅದೇ ಹೊಲಗಳ ಮೇಲೆ ಚೆಲ್ಲುತ್ತಿದೆ. ನೀರಿರುವವರೆಗೆ ಉಪ್ಪು ತನ್ನ ಜಾಗದಲ್ಲಿರುವುದು. ಸಾಂಭರದ ದಡದ ರೈತನಿಗೂ ಸರೋವರದಲ್ಲಿ ನೀರು ನಿಲ್ಲುವುದು ಬೇಕಾಗಿರುವುದು ಈ ಕಾರಣದಿಂದಲೇ.

ಸಾಂಭರವನ್ನು ನೋಡಬೇಕೆನ್ನುವವರು ಜಯಪುರದಿಂದ ಫುಲೇರಾ ಜಂಕ್ಷನ್ ಮಾರ್ಗವಾಗಿ ರೈಲಿನಲ್ಲಿ ಹೋಗಬಹುದು. ಸಾಂಭರ ಲೇಕ್ ಎಂಬ ನಿಲ್ದಾಣವೇ ಉಂಟು. ಹಕ್ಕಿಗಳನ್ನು ನೋಡುವುದಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಉಪ್ಪು ತೆಗೆಯುವುದನ್ನು ನೋಡುವುದಾದರೆ ಮಾರ್ಚಿಯ ಮೇಲೆ ಹೋಗಬೇಕು, ಬಿಸಿಲಿಗೆ ಕಣ್ಣು ಮುಚ್ಚಿಕೊಳ್ಳಲು ಒಂದು ಕರಿಯ ಕನ್ನಡಕವನ್ನೂ ಜೊತೆಯಲ್ಲಿಟ್ಟುಕೊಳ್ಳಬೇಕು.